ಪದಚರ್ಚೆ: ‘ಬಯೋಡೈವರ್ಸಿಟಿ ನೆಟ್ ಗೇನ್’ ಅಂದರೆ ‘ನಿವ್ವಳ ಲಾಭ’ವೇ?

ಗೆಳೆಯರೇ,

ಇಂಗ್ಲೆಂಡಿನ ಕಟ್ಟಡ ಪರವಾನಗಿ ನಿಯಮಗಳ ಬಗ್ಗೆ ಬರೆಯುತ್ತಿದ್ದೇನೆ. ಕೆಲವು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ.

ವಿಷಯ ಇಷ್ಟು. ಅಲ್ಲಿನ 2021ರ ಪರಿಸರ ಕಾಯ್ದೆಯ ಪ್ರಕಾರ, ಕೆಲವು ವಿನಾಯಿತಿ ಬಿಟ್ಟರೆ, ಮನೆ ಮಳಿಗೆ ಏನೇ ಕಟ್ಟಿದರೂ ಆ ಜಾಗದಲ್ಲಿ ಮೊದಲು ಇದ್ದುದಕ್ಕಿಂತ ಜೀವಸಂಪತ್ತು, ಅಲ್ಲೇ ಆಗಲಿ ಬೇರೆಡೆ ಆಗಲಿ, ಕನಿಷ್ಠ ಶೇ. 10ರಷ್ಟು ಹೆಚ್ಚಬೇಕು. ಅದನ್ನು 30 ವರ್ಷ ಕಾಪಾಡಲೂಬೇಕು. ದೊಡ್ಡ ಯೋಜನೆಗಳಿಗೆ 2024ರ ಫೆಬ್ರವರಿಯಿಂದ, ಸಣ್ಣವಕ್ಕೆ ಏಪ್ರಿಲ್‌ನಿಂದ ಇದು ಜಾರಿಗೆ ಬಂತು. ಇದೇ ‘ಬಯೋಡೈವರ್ಸಿಟಿ ನೆಟ್ ಗೇನ್’.

‘ನಿವ್ವಳ’ ಇರಲಿ, ಇದು ಲೆಕ್ಕದ ಮಾತೇ ಅಲ್ವಾ? ಆದರೆ ‘ಲಾಭ’ ಅಂದ ಕೂಡಲೇ ಬಿಲ್ಡರ್ ಜೇಬು ಕಣ್ಣಿಗೆ ಬರುತ್ತದೆ! ‘ಗಳಿಕೆ’ಯೂ ದುಡ್ಡಿನ ಕಡೆಗೇ ವಾಲುತ್ತದೆ. ‘ನಿವ್ವಳ ಹೆಚ್ಚಳ’ ನನಗೆ ಒಪ್ಪಿಗೆ. ನಿಮಗೆ?

ಹೊಳೆಯ ಲೆಕ್ಕ ಬೇರೆಯೇ ಇದೆ. ಎಷ್ಟೇ ಹುಲ್ಲುಗಾವಲು ಬೆಳೆಸಿದರೂ ಹೊಳೆಗೆ ಆದ ನಷ್ಟ ತುಂಬಿದಂತೆ ಆಗುವುದಿಲ್ಲ, ಹೊಳೆಯಲ್ಲೇ ತುಂಬಿಕೊಡಬೇಕು. ಕಟ್ಟುವ ಜಾಗದ ಗಡಿ ದಂಡೆಯ ಮೇಲಂಚಿನಿಂದ 10 ಮೀಟರ್ ಒಳಗೆ ಬಂದರೂ ಸಾಕು, ಹೊಳೆಯ ಜೀವಸಂಪತ್ತನ್ನೂ ಅಳೆಯಲೇಬೇಕು. ದಂಡೆಯ ಈ 10 ಮೀಟರ್ ಅಗಲದ ಪಟ್ಟಿಗೆ ‘ರೈಪೇರಿಯನ್ ಝೋನ್’ ಅನ್ನುತ್ತಾರೆ. ಮರದ ಬೇರು ಮಣ್ಣು ಹಿಡಿಯುವುದು, ನೀರಿಗೆ ನೆರಳು ಬೀಳುವುದು, ವಾಟರ್ ವೋಲ್ ಅನ್ನುವ ಇಲಿಯಂಥ ಪ್ರಾಣಿ ಬಿಲ ತೋಡುವುದು ಎಲ್ಲಾ ಇಲ್ಲೇ. ಬೆಂಗಳೂರಿನ ರಾಜಕಾಲುವೆ ಸುದ್ದಿಗಳಲ್ಲಿ ಬರುವ ‘ಬಫರ್ ವಲಯ’ ಹಾಕಬಹುದಿತ್ತು. ಅದನ್ನು ಓದಿದವರಿಗೆ ‘ಇಲ್ಲಿ ಕಟ್ಟಬೇಡಿ’ ಅನ್ನುವುದಷ್ಟೇ ಕೇಳಿಸುತ್ತದೆ. ‘ನದಿತೀರ ವಲಯ’ ಸರ್ಕಾರಿ ಕಡತದ ಹಾಗಿದೆ. ಸುಮ್ನೆ ‘ಹೊಳೆಯಂಚು’ ಅಂದರೆ ಸಾಲದೇ? ಮಲೆನಾಡು, ಕರಾವಳಿ ಕಡೆಯವರ ಬಾಯಲ್ಲಿ ಇದಕ್ಕೆ ಬೇರೆ ಹೆಸರು ಇದ್ದರೂ ಇರಬಹುದು.

ಕೊನೆಯದು ಇನ್ನೂ ಕಷ್ಟ. ಮೋರಿಯೊಳಗೆ ಮುಚ್ಚಿಹೋದ ಹೊಳೆಯನ್ನು ಮತ್ತೆ ಬಯಲಿಗೆ ತಂದರೆ ಈ ಲೆಕ್ಕದಲ್ಲಿ ಅಂಕ ಜಾಸ್ತಿ. ಈ ನಿಯಮ ಬರುವ ಮೊದಲೇ ಷೆಫೀಲ್ಡ್‌ನಲ್ಲಿ ಪೋರ್ಟರ್ ಬ್ರೂಕ್ ಹೊಳೆಯ ಒಂದು ತುಂಡನ್ನು ಹೀಗೆ ತೆರೆದು ಪುಟ್ಟ ಪಾರ್ಕ್ ಮಾಡಿದ್ದರು. ಈ ಕೆಲಸಕ್ಕೆ ‘ಡೇಲೈಟಿಂಗ್’ ಅಂತ ಹೆಸರು. ‘ಮೋರಿ ತೆರೆಯುವುದು’ ಅಂತ ಬರೆದರೆ ಕಸ ಕಟ್ಟಿಕೊಂಡ ಚರಂಡಿ ಬಿಡಿಸುವ ಕೆಲಸ ಅಂತ ಪೇಟೆಯವರು ಅಂದುಕೊಳ್ಳುತ್ತಾರೆ. ‘ಹೊಳೆ ಬಿಚ್ಚುವುದು’ ಹೇಗೆ? ನೀರಾವರಿ, ಪಿಡಬ್ಲ್ಯೂಡಿ ಕೆಲಸ ಬಲ್ಲವರು ಇಲ್ಲಿದ್ದರೆ ಸೈಟಿನಲ್ಲಿ ಆಡುವ ಪದ ಯಾವುದು ಅಂತ ತಿಳಿಸಿ.