ಓದುಗರ ಸ್ಪಂದನ: ‘ಬರೀ ಬಿಯರ್’ ಅನ್ನುವ ಗೆಳೆಯ

ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡಿರುವ ವಿದ್ಯಾರ್ಥಿಯೊಬ್ಬರು ಕಳೆದ ಸಂಚಿಕೆಯಲ್ಲಿ ಕೇಳಿದ್ದರು: ‘ರೂಮ್‌ಮೇಟ್ ಪ್ರತಿ ರವಿವಾರ ರಾತ್ರಿ ಎರಡು ಸ್ಟ್ರಾಂಗ್ ಬಿಯರ್ ಮುಗಿಸುತ್ತಾನೆ. ಕೇಳಿದರೆ, ಬರೀ ಬಿಯರ್ ಅಲ್ಲೇನಲೇ ಅನ್ನುತ್ತಾನೆ. ಹೋದ ವಾರ ಎಷ್ಟು ಅಲುಗಾಡಿಸಿದರೂ ಏಳಲಿಲ್ಲ. ದೋಸ್ತಿ ಕೆಡದಂತೆ ಕಡಿಮೆ ಮಾಡಿಸುವುದು ಹೇಗೆ?’ ಬಂದ ಪತ್ರಗಳಲ್ಲಿ ಕೆಲವನ್ನು ಮೊಟಕು ಮಾಡಿದ್ದೇವೆ. ಮೊದಲನೆಯದನ್ನು ಮುಟ್ಟಿಲ್ಲ.

ನಿವೃತ್ತ ಸ್ಟಾಫ್ ನರ್ಸ್, ಗದಗ

ಕಡಿಮೆ ಮಾಡಿಸೋ ಮಾತು ಸೋಮವಾರಕ್ಕಿರಲಿ. ‘ಏಳಲಿಲ್ಲ’ ಅಂತ ಬರೆದು ಮುಂದಿನ ಸಾಲಿಗೆ ಹೋಗಿಬಿಟ್ಟೀರಿ. ನಾನು ಅಲ್ಲೇ ನಿಂತೆ.

ಮಲಗಿದ ಮೇಲೆ ಅಮಲು ಇಳೀತದ ಅನ್ನೋದು ತಪ್ಪು. ಕೊನೆಗೆ ಕುಡಿದದ್ದು ಇನ್ನೂ ಹೊಟ್ಟೆಯಲ್ಲಿರುತ್ತದೆ, ನಿದ್ದೆಯಲ್ಲೂ ರಕ್ತಕ್ಕೆ ಏರುತ್ತಲೇ ಇರುತ್ತದೆ. ಅಂಗಾತ ಮಲಗಿದವನಿಗೆ ವಾಂತಿಯಾದರೆ ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಕೆಮ್ಮಿ ಹೊರಹಾಕುವ ಶಕ್ತಿ ಆಗ ಇರುವುದಿಲ್ಲ. ಅದಕ್ಕೇ ಮಗ್ಗುಲಿಗೆ ಹೊರಳಿಸಬೇಕು. ಪಕ್ಕದಲ್ಲಿ ಮೊಣಕಾಲೂರಿ ಕೂಡ್ರಿ. ನಿಮ್ಮ ಕಡೆಯ ಕೈಯನ್ನು ಹೊರಗೆ ಚಾಚಿಸಿ. ಆಚೆ ಕಡೆಯ ಕೈ ತಂದು, ಅದರ ಹಿಂಗೈಯನ್ನು ಈಚೆ ಗಲ್ಲಕ್ಕೆ ಒತ್ತಿ ಹಿಡಿಯಿರಿ. ಆಚೆ ಮೊಣಕಾಲು ಮಡಚಿ, ಅದನ್ನೇ ಹಿಡಿದು ನಿಮ್ಮತ್ತ ಎಳೆಯಿರಿ. ತಲೆ ಸ್ವಲ್ಪ ಹಿಂದಕ್ಕೆ, ಬಾಯಿ ಕೆಳಮುಖ. ಬೆನ್ನಿಗೆ ಪುಸ್ತಕದ ಚೀಲ ಕೊಡಿ, ಮತ್ತೆ ಅಂಗಾತ ಆಗದಂತೆ.

ಉಸಿರನ್ನು ಮೊಬೈಲ್ ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸಿ. 8ಕ್ಕಿಂತ ಕಡಿಮೆ ಇದ್ದರೆ, ಎರಡು ಉಸಿರಿನ ನಡುವೆ 10 ಸೆಕೆಂಡ್ ಅಂತರ ಬಿದ್ದರೆ, ತುಟಿ ನೀಲಿಗಟ್ಟಿದರೆ, ಮೈ ತಣ್ಣಗೆ ಅಂಟಂಟಾದರೆ, ಹೆಗಲು ಚಿವುಟಿದರೂ ಕಣ್ಣು ಬಿಡದಿದ್ದರೆ 108. ಇವುಗಳಲ್ಲಿ ಒಂದು ಸಾಕು, ಎಲ್ಲಾ ಸೇರಲಿ ಅಂತ ಕಾಯಬೇಡಿ. ಎಷ್ಟು ಕುಡಿದ, ಗುಳಿಗೆ ಏನಾದರೂ ನುಂಗಿದನೇ ಅನ್ನೋದನ್ನು ಬಂದವರಿಗೆ ಮುಚ್ಚಿಡಬೇಡಿ.

ತಲೆಗೆ ತಣ್ಣೀರು ಸುರಿಯಬಾರದು, ಮೈ ಇನ್ನಷ್ಟು ತಣ್ಣಗಾಗುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ಮಜ್ಜಿಗೆ, ನಿಂಬೆಹಣ್ಣು, ಕಾಫಿ ಯಾವುದೂ ಅಮಲು ಇಳಿಸುವುದಿಲ್ಲ. ಎಚ್ಚರವಿಲ್ಲದವನ ಬಾಯಿಗೆ ಹಾಕಿದರೆ ಅದೂ ಶ್ವಾಸನಾಳಕ್ಕೇ. ಮೂರು ಜನ ಇದ್ದರೆ ಪಾಳಿ ಹಚ್ಚಿರಿ, ಒಬ್ಬರು ಎಚ್ಚರ ಇರಲೇಬೇಕು. ಚೀಲ ಇಟ್ಟೇವಲ್ಲ ಅಂತ ಮಲಗಬ್ಯಾಡ್ರಿ. ದಯವಿಟ್ಟು ಮಲಗಬ್ಯಾಡ್ರಿ.

(ಕೊನೆಯ ಸಾಲಿಗೆ ಬರೆದವರು ಎರಡು ಸಲ ಅಡಿಗೆರೆ ಎಳೆದಿದ್ದಾರೆ. – ಸಂ)

ಓದುಗ, ಹಳೇ ಹುಬ್ಬಳ್ಳಿ

ಪ್ರಶ್ನೆ ಕೇಳಿದವರ ಪೂರ್ತಿ ಪತ್ರದಲ್ಲಿ ‘ನಾವು ಕೂತಾಗ’ ಅಂತ ಮೂರು ಸಲ ಬಂದದ. ಮೊದಲು ನಿಮ್ಮ ಗ್ಲಾಸ್ ಅಳೀರಿ.

(ಮಾತು ಖಾರವಾಯಿತು. ಆದರೆ ಅಳೆಯುವ ವಿಷಯ ಬಂದದ್ದು ಒಳ್ಳೆಯದೇ. – ಸಂ)

ಆಪ್ತಸಮಾಲೋಚಕಿ, ವಿದ್ಯಾನಗರ, ಹುಬ್ಬಳ್ಳಿ

ಶೇ 8ರ 650 ಮಿಲಿ ಬಿಯರ್‌ನಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 41 ಗ್ರಾಂ. 180 ಮಿಲಿಯ ಕ್ವಾರ್ಟರ್ ವಿಸ್ಕಿಯಲ್ಲಿ ಸುಮಾರು 60. ಅಂದರೆ ‘ಬರೀ ಬಿಯರ್’ ಎರಡು ಬಾಟಲಿ ಆದಾಗ ಕ್ವಾರ್ಟರ್ ದಾಟಿ ಮುಂದೆ ಹೋಗಿರುತ್ತದೆ. ಯಕೃತ್ತು ಗಂಟೆಗೆ ಕರಗಿಸುವುದು 7ರಿಂದ 10 ಗ್ರಾಂ ಮಾತ್ರ. ರಾತ್ರಿ 10ಕ್ಕೆ ಶುರು ಮಾಡಿದ್ದು ಸೋಮವಾರ ಬೆಳಿಗ್ಗೆ 8ರ ಕ್ಲಾಸಿಗೂ ರಕ್ತದಲ್ಲಿ ಉಳಿದಿರಬಹುದು.

ಈ ಲೆಕ್ಕವನ್ನು ಅವನೇ ಬರೆಯಲಿ, ನೀವು ಓದಿ ಹೇಳಬೇಡಿ. ಕುಡಿದ ರಾತ್ರಿಯೂ ಬೇಡ, ತಲೆ ಸಿಡಿಯುವ ಮರುದಿನವೂ ಬೇಡ. ಬುಧವಾರ, ಚಹಾದಂಗಡಿ, ಇಬ್ಬರೇ. ‘ನೀ ಕುಡುಕ ಆಗೀಯಲೇ’ ಅಂದರೆ ಮಾತು ಅಲ್ಲಿಗೇ ಮುಗಿಯಿತು. ‘ಹೋದ ರವಿವಾರ ನೀ ಏಳಲಿಲ್ಲ, ಅಂಜಿಕಿ ಆತು’ ಅನ್ನಿ. ಕುಡಿತದ ಅಪಾಯ ಅಳೆಯುವ, ವಿಶ್ವ ಆರೋಗ್ಯ ಸಂಸ್ಥೆಯ ‘ಆಡಿಟ್’ ಪ್ರಶ್ನಾವಳಿಯಲ್ಲಿ 10 ಪ್ರಶ್ನೆಗಳಿವೆ, 40 ಅಂಕ. 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅಪಾಯದ ಕುಡಿತ; 20 ಅಥವಾ ಹೆಚ್ಚು ಬಂದರೆ ಗೆಳೆಯರ ಕೈಲಾಗುವ ಕೆಲಸವಲ್ಲ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಿಗಾಗಿ ರೂಪಿಸಿದ ‘ಬೇಸಿಕ್ಸ್’ ಪದ್ಧತಿಯಲ್ಲಿ ಎರಡೇ ಭೇಟಿ: ಒಂದರಲ್ಲಿ ಎಷ್ಟು ಕುಡಿಯುತ್ತಾನೆಂದು ದಾಖಲೆ, ಇನ್ನೊಂದರಲ್ಲಿ ಅವನ ಅಂಕಿಯನ್ನೇ ಅವನ ಮುಂದಿಡುವುದು. ‘ಎಲ್ಲಾರೂ ಇಷ್ಟು ಕುಡೀತಾರ’ ಅನ್ನುವುದು ಹುಡುಗರ ದೊಡ್ಡ ತಪ್ಪು ಅಂದಾಜು. ಅದು ಅಲ್ಲಿ ಸಡಿಲಾಗುತ್ತದೆ. ಫೋನಲ್ಲೇ ಮಾತಾಡಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್, 14416.

ಖಾನಾವಳಿ ನಡೆಸುವವರು, ಧಾರವಾಡ

ರವಿವಾರ ಮಧ್ಯಾಹ್ನ ಸ್ವೀಟ್ ಊಟ, ರಾತ್ರಿ ನಮ್ದು ಬಂದ್. ಹುಡುಗೂರು ಖಾಲಿ ಹೊಟ್ಟಿಲೆ ಕೂಡ್ತಾರ, ಮುಂದ ಖಾರಾಶೇಂಗಾ. ಉಪ್ಪು ತಿಂದಂಗ ನೀರಡಿಕಿ, ನೀರಡಿಕಿಗೆ ಮತ್ತ ಬಿಯರ್. ಮಧ್ಯಾಹ್ನನ ನಾಕು ರೊಟ್ಟಿ, ಬದನಿಕಾಯಿ ಪಲ್ಯಾ ಕಟ್ಟಿಸಿಕೊಂಡು ಹೋಗ್ರಿ. ಮೊಸರನ್ನ ಬ್ಯಾಡ, ರಾತ್ರಿತನಕ ಹುಳೀತದ. ಉಂಡು ಕೂತರ ಏರೂದು ತಡಾ, ಕುಡಿಯೂದೂ ಕಡಿಮಿ. ಗ್ಲಾಸಿಗೊಂದು ಗ್ಲಾಸ್ ನೀರು ಇರ್ಲಿ.

ಒಬ್ಬ ತಂದೆ, ರಾಣೆಬೆನ್ನೂರು

ಅವರ ಮನೆಗೆ ಇವತ್ತೇ ಫೋನ್ ಮಾಡಿ. ದೋಸ್ತಿ ಆಮೇಲೆ.

(ಗೆಳೆಯನಿಗೆ ಹೇಳಿಯೇ ಮಾಡಿದರೆ ಒಳ್ಳೆಯದೇನೋ. 108ಕ್ಕೆ ಮಾತ್ರ ಯಾರನ್ನೂ ಕೇಳಬೇಕಿಲ್ಲ. – ಸಂ)

ವಕೀಲರು, ಹಾವೇರಿ

ಗಾಡಿಯ ಮಾತು ಯಾರೂ ಎತ್ತಿಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಅಪರಾಧ. ಮೊದಲ ಸಲಕ್ಕೇ 10,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಸೋಮವಾರ ಬೆಳಿಗ್ಗೆಗೂ ಇದೇ ಕಲಂ. ಬಾಟಲಿ ತೆರೆಯುವ ಮೊದಲೇ ಕೀಲಿ ಕುಡಿಯದವನ ಕಿಸೆಗೆ ಹೋಗಲಿ.

(ಗೊತ್ತಾಗದಂತೆ ಊಟದಲ್ಲಿ ಬೆರೆಸುವ ‘ಕುಡಿತ ಬಿಡಿಸುವ’ ಪುಡಿ, ಗುಳಿಗೆಗಳನ್ನು ಸೂಚಿಸಿದ ಪತ್ರಗಳನ್ನು ಪ್ರಕಟಿಸಿಲ್ಲ. ಅಂಥ ಔಷಧಿಗಳಲ್ಲೊಂದಾದ ಡೈಸಲ್ಫಿರಾಂ ಹೊಟ್ಟೆಯಲ್ಲಿರುವುದು ತಿಳಿಯದೆ ಕುಡಿದವನ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರಬಹುದು. – ಸಂ)