ಅಪ್‌ಡೇಟ್: ‘ಇಂಕ್‌ಹಾರ್ಟ್’ ಓದಿ ಮುಗಿಯಿತು

ಕಾರ್ನೆಲಿಯಾ ಫುಂಕೆಯ ಈ ಕಾದಂಬರಿ ಮೊದಮೊದಲು ನಿಧಾನ ಎನಿಸುತ್ತದೆ, ಬಿಟ್ಟುಬಿಡಲೇ ಎಂದು ಕೇಳಿದ್ದೆ. ಬಿಡಬೇಡಿ ಎಂದವರಿಗೆಲ್ಲ ಧನ್ಯವಾದ. ತುಂಬಾ ಹಿಡಿಸಿತು!

ಈಗ ಶುರುಮಾಡುವವರಿಗೆ: ಕಥೆಯ ಮುಖ್ಯ ಪಾತ್ರಗಳಲ್ಲೊಬ್ಬನಾದ ಮೋ ಗಟ್ಟಿಯಾಗಿ ಓದಿದರೆ ಪಾತ್ರಗಳು ಪುಸ್ತಕದಿಂದ ಹೊರಬರುತ್ತವೆ, ಬದಲಿಗೆ ಇಲ್ಲಿಂದ ಯಾರೋ ಒಳಹೋಗುತ್ತಾರೆ. ಯಾರು ಎಂಬುದು ಅವನ ಕೈಯಲ್ಲಿಲ್ಲ. ಈ ಕೊಡುಕೊಳ್ಳುವಿಕೆ ಮನಸ್ಸಿನಲ್ಲಿದ್ದರೆ ಆರಂಭದ ಮೌನ, ಮಗಳು ಮೆಗ್ಗಿಗೆ ಅವನು ಕಥೆ ಓದಿಹೇಳದಿರುವುದು, ಹಾಗೆ ಪುಸ್ತಕದಿಂದ ಹೊರಬಂದು ಊರು ಕಳೆದುಕೊಂಡ ಡಸ್ಟ್‌ಫಿಂಗರ್‌ನ ಚಡಪಡಿಕೆ ಎಲ್ಲಕ್ಕೂ ಅರ್ಥ ಬರುತ್ತದೆ. ಅಧ್ಯಾಯದ ತಲೆಯಲ್ಲಿರುವ ಬೇರೆ ಪುಸ್ತಕಗಳ ಸಾಲುಗಳನ್ನು ಹಾರಿಸಬೇಡಿ, ಮುಂದಿನ ಓದಿಗೆ ಅದೇ ಒಳ್ಳೆಯ ಪಟ್ಟಿ. ಅಧ್ಯಾಯಗಳು ಚಿಕ್ಕವು, ಗಟ್ಟಿಯಾಗಿ ಓದಲು ಹೇಳಿಮಾಡಿಸಿದಂತಿವೆ.

ಮುಂದೆ ‘ಇಂಕ್‌ಸ್ಪೆಲ್’, ಆಮೇಲೆ ‘ಇಂಕ್‌ಡೆತ್’. ಕ್ರಮ ತಪ್ಪಿಸಬೇಡಿ, ಎರಡನೆಯದರಲ್ಲಿ ಕಥೆ ಪುಸ್ತಕದೊಳಗಿನ ಲೋಕಕ್ಕೇ ಇಳಿಯುತ್ತದೆ.