ಎರಡೂ ತೀರ್ಮಾನ ತಪ್ಪು

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಎಷ್ಟಿದ್ದಾರೆಂದರೆ, ಚಹಾದಂಗಡಿಯಲ್ಲಿ ಗಿರ್ಮಿಟ್ಟಿಗಿಂತ ತರ್ಕವೇ ಹೆಚ್ಚು ಖರ್ಚಾಗುತ್ತದೆ. ಮೊನ್ನೆ ನಮ್ಮ ಮಾಸ್ತರರು ಅಲ್ಲೇ ಪ್ರಶ್ನೆ ಹಾಕಿದರು.

"ಹೇಳಿಕೆ: ಸಂದರ್ಶನದಲ್ಲಿ ಕೆಲವು ಅನರ್ಹರು ಆಯ್ಕೆಯಾಗಿದ್ದಾರೆ. ತೀರ್ಮಾನ ಒಂದು: ಆಯ್ಕೆಯಾದವರೆಲ್ಲ ಅನರ್ಹರು. ತೀರ್ಮಾನ ಎರಡು: ಆಯ್ಕೆಯಾಗದವರೆಲ್ಲ ಅರ್ಹರು. ಹೇಳಿಕೆಯಿಂದ ಯಾವ ತೀರ್ಮಾನ ಹುಟ್ಟುತ್ತದೆ?"

"ಎರಡೂ ಸರಿ!" ಎಂದ, ಹಿಂದಿನ ವಾರವಷ್ಟೇ ಸಂದರ್ಶನದಲ್ಲಿ ಬಿದ್ದಿದ್ದ ಗೆಳೆಯ.

"ಎರಡೂ ತಪ್ಪು, ತಮ್ಮಾ. ಕೆಲವು ಎಂದರೆ ಎಲ್ಲ ಅಲ್ಲ. ಕೊಟ್ಟ ಹೇಳಿಕೆಯ ಆಚೆ ಕಾಲಿಡಬಾರದು."

"ಕಾಲಿಡದೆ ಹೇಗೆ ಸರ್? ನನ್ನನ್ನು ಕೇಳಿದ್ದು ಊರು ಯಾವುದು, ತಂದೆ ಏನು ಮಾಡುತ್ತಾರೆ ಎಂದು. ಅಷ್ಟಕ್ಕೆ ತಂದೆಯನ್ನೇ ಕರೆಸಬಹುದಿತ್ತು. ಎತ್ತಿನ ವ್ಯಾಪಾರ ಮಾಡಿದವರು, ನನಗಿಂತ ಚೆನ್ನಾಗಿ ಮಾತನಾಡುತ್ತಿದ್ದರು."

ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ವಕೀಲರೊಬ್ಬರು ಕಪ್ಪು ಕೆಳಗಿಟ್ಟರು. "ಇದು ಹಳೆಯ ರೋಗ. ಅಜಯ್ ಹಾಸಿಯಾ ಪ್ರಕರಣ ನೋಡಿ. 1979ರಲ್ಲಿ ಶ್ರೀನಗರದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನ ಪ್ರವೇಶಕ್ಕೆ ಲಿಖಿತ ಪರೀಕ್ಷೆಗೆ 100 ಅಂಕ, ಸಂದರ್ಶನಕ್ಕೆ 50. ಒಬ್ಬೊಬ್ಬರಿಗೆ ಎರಡು ಮೂರು ನಿಮಿಷ, ಅದರಲ್ಲೂ ತಂದೆತಾಯಿ, ವಾಸದ ಊರು. ಸಂದರ್ಶನಕ್ಕೆ ಒಟ್ಟು ಅಂಕದ ಮೂರನೆಯ ಒಂದು ಪಾಲು ಕೊಟ್ಟದ್ದು ಅತಿಯಾಯಿತು, ಶೇಕಡಾ 15 ಮೀರಬಾರದು ಎಂದಿತು ಸುಪ್ರೀಂ ಕೋರ್ಟ್."

"ಸಂದರ್ಶನವೇ ಬೇಡವೆಂದಿತೇ?"

"ಇಲ್ಲ. ಧ್ವನಿಮುದ್ರಣ ಮಾಡಿಕೊಂಡರೆ ಒಳ್ಳೆಯದು ಎಂದಿತು."

"ನೋಡಿದೆಯಾ?" ಮಾಸ್ತರರ ಮುಖ ಅರಳಿತು. "ದೋಷವಿದೆ ಎಂಬುದರಿಂದ ರದ್ದಾಗಲಿ ಎಂಬುದು ಹುಟ್ಟುವುದಿಲ್ಲ."

ಹಾಗಾದರೆ ಆ 15 ಯಾವ ಹೇಳಿಕೆಯಿಂದ ಹುಟ್ಟಿತು ಎಂದು ಕೇಳುವ ಆಸೆ ನನಗಿತ್ತು. ಬಾಯಿ ತೆರೆದರೆ ಚಹಾದ ಬಿಲ್ಲು ನನ್ನ ಕಡೆ ತಿರುಗೀತೆಂದು ಸುಮ್ಮನಾದೆ.

ಗೆಳೆಯ ಬಿಡಲಿಲ್ಲ. "ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಗುಮಾಸ್ತರಂಥ ಗ್ರೂಪ್ ಸಿ ಹುದ್ದೆಗಳಿಗೆ, ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ ಸಂದರ್ಶನ ತೆಗೆದುಹಾಕಿತು. ಆದರೆ ಐಎಎಸ್‌ಗೆ 2025 ಅಂಕಗಳಲ್ಲಿ 275 ಅಂಕದ ವ್ಯಕ್ತಿತ್ವ ಪರೀಕ್ಷೆ, ಅಂದರೆ ಸಂದರ್ಶನ, ಉಳಿಯಿತು. ತೀರ್ಮಾನ: ಗುಮಾಸ್ತನಿಗೆ ವ್ಯಕ್ತಿತ್ವ ಬೇಕಾಗಿಲ್ಲ!"

"275 ಎಂದರೆ ಶೇಕಡಾ 15ರ ಒಳಗೇ ಇದೆ," ಎಂದು ವಕೀಲರು ಲೆಕ್ಕ ಒಪ್ಪಿಸಿ, ಮಾಸ್ತರರತ್ತ ತಿರುಗಿದರು. "ಮಾಸ್ತರೇ, ನೀವೂ ಶಿಕ್ಷಕರ ಆಯ್ಕೆಗೆ ಸಂದರ್ಶನಕ್ಕೆ ಕೂತವರಲ್ಲವೇ? ಏನು ಕೇಳುತ್ತಿದ್ದಿರಿ?"

"ಮೊದಲು ಊರು ಯಾವುದು ಎಂದು… ಅಭ್ಯರ್ಥಿಯ ಹೆದರಿಕೆ ಹೋಗಲಿ ಅಂತ."

"ಆಮೇಲೆ?"

"ಆಮೇಲೆ ಉಪ್ಪಿಟ್ಟು ಬಂದುಬಿಡುತ್ತಿತ್ತು."